ನಾಲ್ಕು ತಾಲ್ಲೂಕು, ಒಂದು ಚೀಲ ಪುಸ್ತಕ

ಸ್ವಲ್ಪ ಉದ್ದದ ಬರಹ, ಬಿಡುವಾದಾಗ ಓದಿ.

ಹೋದ ತಿಂಗಳು ದಾವಣಗೆರೆಯಲ್ಲಿ ಒಂದು ಸಭೆ ಮುಗಿಸಿ ಚಾ ಕುಡೀತಾ ನಿಂತಿದ್ವಿ. ನನ್ನ ಚೀಲದಲ್ಲಿದ್ದ ಪುಸ್ತಕ ಎಳೆದು ನೋಡಿದ ಹಿರಿಯ ಸಂಗಾತಿಯೊಬ್ಬರು, "ಏನಪ್ಪಾ, ಇಷ್ಟೊಂದು ಕೇಸು ಕೈಯಾಗಿಟ್ಕೊಂಡು ಕಾದಂಬರಿ ಓದ್ತಾ ಕುಂತೀಯಾ?" ಅಂದ್ರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದ್ರೆ ಬಸ್ಸಲ್ಲಿ ವಾಪಸ್ ಬರುವಾಗ ಆ ಮಾತು ಬಿಡಲಿಲ್ಲ. ಯಾಕಂದ್ರೆ ಹತ್ತು ವರ್ಷ ಇದೇ ಮಾತನ್ನ ಬೇರೆಯವರಿಗೆ ಹೇಳಿಕೊಂಡು ಬಂದವನು ನಾನೇ.

ಆ ಹತ್ತು ವರ್ಷ ನಾನು ಓದಿದ್ದು ದೌರ್ಜನ್ಯ ತಡೆ ಕಾಯ್ದೆ, 1978ರ ಪಿಟಿಸಿಎಲ್ ಕಾಯ್ದೆ, ಸರ್ಕಾರಿ ಸುತ್ತೋಲೆಗಳು, ಬಾಬಾಸಾಹೇಬರ ಬರಹ-ಭಾಷಣಗಳ ಸಂಪುಟ. ಕಾದಂಬರಿ ಅಂದ್ರೆ ಹೊಟ್ಟೆ ತುಂಬಿದವರ ಕೆಲಸ ಅಂತ ತಿಳಿದಿದ್ದೆ. ಅದಕ್ಕೊಂದು ಆಧಾರಾನೂ ಇಟ್ಕೊಂಡಿದ್ದೆ. ನಮ್ಮ ಹರಿಹರದ ಬಿ. ಬಸವಲಿಂಗಪ್ಪನವರು 1973ರ ನವೆಂಬರ್‌ನಲ್ಲಿ, ಮಂತ್ರಿಯಾಗಿದ್ದಾಗಲೇ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದುಬಿಟ್ರಲ್ಲ. ಅವರ ಮಂತ್ರಿಗಿರಿ ಹೋಯ್ತು, ನಮ್ಮ ಹುಡುಗರು ಬೀದಿಯಲ್ಲಿ ಹೊಡೆತ ತಿಂದರು. ‘ದೊಡ್ಡವರೇ ಬೂಸಾ ಅಂದಮೇಲೆ ನಾವ್ಯಾಕೆ ಓದಬೇಕು’ ಅನ್ನೋದು ನನ್ನ ವಾದ.

ಆದ್ರೆ ಅದೇ ಜಗಳದ ಕಾಲದಲ್ಲಿ ದೇವನೂರ ಮಹಾದೇವ ಕಥೆ ಬರೀತಿದ್ರು, ಸಿದ್ದಲಿಂಗಯ್ಯ ಕವಿತೆ ಕಟ್ತಿದ್ರು. ಹರಿಹರದಲ್ಲೇ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪ ಭದ್ರಾವತಿಯಲ್ಲಿ ಕನ್ನಡ ಪಾಠ ಹೇಳ್ತಾ ಹೇಳ್ತಾನೇ ದಲಿತ ಸಂಘರ್ಷ ಸಮಿತಿ ಕಟ್ಟಿದ್ರು. ಅವರೆಲ್ಲ ಓದಿ ಜಗಳ ಆಡಿದವರು. ಮೇವು ಮುಟ್ಟಿ ನೋಡಿದವನು ಬೂಸಾ ಅಂದ್ರೆ ಅದಕ್ಕೊಂದು ತೂಕ. ನಾನು ಮುಟ್ಟದೇನೇ ಅಂತಿದ್ದೆ.

ಈಗ ಎರಡು ವರ್ಷದಿಂದ ಒಂದು ಅಭ್ಯಾಸ ಮಾಡ್ಕೊಂಡಿದ್ದೀನಿ. ಸಂಘಟನೆ ಕೆಲಸಕ್ಕೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ತಿರುಗುವಾಗ ಅರ್ಜಿ ಫಾರಂಗಳ ಜೊತೆ ನಾಲ್ಕೈದು ಪುಸ್ತಕಾನೂ ಹೊತ್ಕೊಂಡು ಹೋಗ್ತೀನಿ. ಓದಲು ಬರೋರಿಗೆ ಕೊಡ್ತೀನಿ, ಬರದೇ ಇರೋರಿಗೆ ಓದಿ ಹೇಳ್ತೀನಿ. 1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆ ಆಗೋವರೆಗೆ ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು, ಚನ್ನಗಿರಿ-ಹೊನ್ನಾಳಿ ಶಿವಮೊಗ್ಗಕ್ಕೆ. ನ್ಯಾಮತಿ ಆಗ ಹೊನ್ನಾಳಿಯೊಳಗೇ ಇತ್ತು. ಒಂದು ಕಡೆ ಅಡಿಕೆ ತೋಟ, ಇನ್ನೊಂದು ಕಡೆ ಬರೀ ಮಳೆ ನಂಬಿದ ಹೊಲ. ಮಾತಿನ ಧಾಟೀನೂ ಬೇರೆ. ಒಂದೊಂದು ಕಡೆ ಒಂದೊಂದು ಪುಸ್ತಕ ನನ್ನ ಕಣ್ಣೆದುರೇ ಬೇರೆಯಾಯ್ತು. ಅದನ್ನ ಬರೆದಿಡ್ತಿದ್ದೀನಿ. ಇದು ವಿಮರ್ಶೆ ಅಲ್ಲ, ಅದು ನನಗೆ ಬರೋದೂ ಇಲ್ಲ.

*

ಮೊದಲು ಚನ್ನಗಿರಿ. ಅಡಿಕೆ ಸುಗ್ಗಿ. ಖೇಣಿದಾರರ ಶೆಡ್ಡಿನಲ್ಲಿ ನಮ್ಮ ಹೆಣ್ಣುಮಕ್ಕಳು ಮೆಟ್ಟುಗತ್ತಿ ಮುಂದೆ ಕೂತು ರಾತ್ರಿ ಹತ್ತು ಹನ್ನೊಂದರ ತನಕ ಸುಲಿತಾರೆ. ಸುಲಿದಷ್ಟಕ್ಕೇ ದುಡ್ಡು. ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ರೂ ಚೊಗರು ಇಳಿದು ಉಗುರು ಕಪ್ಪಾಗಿರ್ತವೆ. ಅವರ ಕೂಲಿ ವಿಚಾರ ಮಾತಾಡಕ್ಕೆ ಹೋಗಿದ್ದೆ. "ಅಣ್ಣಾ, ಕೈ ಬಿಡುವಿಲ್ಲ, ಕಿವಿ ಬಿಡುವೈತೆ, ಏನಾರ ಹೇಳು" ಅಂದರು. ಚೀಲದಲ್ಲಿ ದೇವನೂರರ ‘ಒಡಲಾಳ’ ಇತ್ತು. ಓದಲಿಕ್ಕೆ ಶುರು ಮಾಡಿದೆ.

ನಂಜನಗೂಡು ಸೀಮೆ ಭಾಷೆ. ನಮ್ಮ ಕಡೆಯವರಿಗೆ ಕೆಲವು ಮಾತು ತೊಡಕು. ನಡುನಡುವೆ ನಮ್ಮ ಮಾತಿಗೆ ಇಳಿಸಿ ಹೇಳಬೇಕಾಯ್ತು. ಸಾಕವ್ವ ಕಳೆದ ಹುಂಜ ಹುಡುಕೋದು, ಮಗ ಹೊತ್ತು ತಂದ ಕಡಲೆಕಾಯಿಯನ್ನ ರಾತ್ರಿ ಇಡೀ ಮನೆ ಸುತ್ತ ಕೂತು ತಿನ್ನೋದು, ಆಮೇಲೆ ಪೊಲೀಸರು ಬರೋದು. ನಾನು ಕಾಲೇಜಿನಲ್ಲಿ ಅದನ್ನ ಓದಿದಾಗ ಕಣ್ಣೀರು ಹಾಕಿದ್ದೆ. ಆಮೇಲೆ ಭಾಷಣಗಳಲ್ಲಿ ‘ಹಸಿವಿನ ಮಹಾಕಾವ್ಯ’ ಅಂತೆಲ್ಲ ಅಂದಿದ್ದೂ ಉಂಟು. ಇವರೂ ಅಳ್ತಾರೆ ಅಂದುಕೊಂಡೇ ಓದ್ತಿದ್ದೆ.

ಅವರು ನಕ್ಕರು. ಕಡಲೆಕಾಯಿ ತಿನ್ನೋ ಭಾಗ ಬಂದಾಗಂತೂ ಒಬ್ಬಾಕೆ ಮೆಟ್ಟುಗತ್ತಿಯಿಂದ ಕೈ ತೆಗೆದು, ಸೆರಗು ಬಾಯಿಗಿಟ್ಕೊಂಡು ನಕ್ಕಳು. "ನಮ್ಮನಿ ಕಥೀನೇ ಅಲ್ಲೇನೇ ಇದು!" ಅಂತ ಪಕ್ಕದವಳನ್ನ ತಿವಿದಳು. ಮರುದಿನ ಏನಾಗ್ತದೆ ಅಂತ ಗೊತ್ತಿದ್ರೂ ಆ ಒಂದು ರಾತ್ರಿ ಹೊಟ್ಟೆ ತುಂಬ ತಿಂದರಲ್ಲ, ಅದು ಅವರಿಗೆ ಖುಷಿ. ಪೊಲೀಸರು ಬಂದಾಗ ಸುಮ್ಮನಾದರು. ಓದು ಮುಗಿದ ಮೇಲೆ ಅವರು ಮೊದಲು ಕೇಳಿದ್ದು ಪೊಲೀಸರನ್ನಲ್ಲ. ಹುಂಜನ್ನ. "ಅಯ್ಯೋ, ಆ ಮುದುಕಿ ಅಷ್ಟು ಹುಡುಕಿದ್ಲಲ್ಲಣ್ಣಾ" ಅಂತ.

ವಾಪಸ್ ಬರ್ತಾ ನನಗೆ ನಾಚಿಕೆ ಆಯ್ತು. ಇಪ್ಪತ್ತು ವರ್ಷದಿಂದ ಆ ಪುಸ್ತಕದಲ್ಲಿ ನಾನು ನೋಡಿದ್ದು ಹಸಿವು ಮಾತ್ರ. ಅದರಲ್ಲಿ ಒಂದು ಮನೆಯವರ ಸಂಭ್ರಮಾನೂ ಇತ್ತು. ಅದನ್ನ ನನಗೆ ತೋರಿಸೋಕೆ ಅಡಿಕೆ ಸುಲಿಯೋ ಹೆಂಗಸರೇ ಬೇಕಾಯ್ತು.

*

ಹೊನ್ನಾಳಿಯಲ್ಲಿ ನನಗೊಬ್ಬ ಗೆಳೆಯ ಇದಾನೆ. ಮರಳು ಲೋಡಿಂಗ್ ಮಾಡ್ತಾನೆ. ಪಿಯುಸಿಗೇ ಓದು ನಿಂತಿತ್ತು. ಮಳೆಗಾಲದಲ್ಲಿ ತುಂಗಭದ್ರೆ ತುಂಬಿದ್ರೆ ಅವನಿಗೆ ಕೆಲಸ ಇಲ್ಲ. ಹೋದ ಮಳೆಗಾಲದಲ್ಲಿ ತಮಾಷೆಗೆ ಅಂತಲೇ ‘ಮಲೆಗಳಲ್ಲಿ ಮದುಮಗಳು’ ಕೈಗಿಟ್ಟು, "ನೀರು ಇಳಿಯೋದ್ರೊಳಗೆ ಮುಗಿಸು ನೋಡಾಣ" ಅಂದೆ. ನಾನೇ ಅದನ್ನ ಎರಡು ಸಲ ಅರ್ಧಕ್ಕೆ ಬಿಟ್ಟಿದ್ದೆ. ಅಷ್ಟು ದಪ್ಪ ಪುಸ್ತಕ ಅವನು ಮುಗಿಸಿಬಿಟ್ಟ.

ಕುವೆಂಪು ಆ ಕಾದಂಬರಿ ತಂದಿದ್ದು 1967ರಲ್ಲಿ. ಅದರ ಬಗ್ಗೆ ನಮ್ಮ ಬಳಗದಲ್ಲಿ ಒಂದು ಮಾತಿದೆ, ನಾನೂ ಆಡಿದ್ದೀನಿ: ‘ಅದು ಗೌಡರ ಮನೆಗಳ ಕಥೆ ಬಿಡಿ’ ಅಂತ. ಗೆಳೆಯ ಒಪ್ಪಲಿಲ್ಲ. "ಅಣ್ಣಾ, ಗೌಡ್ರು ಮನೇಲಿ ಕುಂತಿರ್ತಾರೆ. ಕಾಡೆಲ್ಲ ತಿರುಗೋನು ಗುತ್ತಿ. ಅವ್ನು ನಡೀದಿದ್ರೆ ಕಥೆ ನಡಿಯಂಗೇ ಇಲ್ಲ" ಅಂದ. ಜೀತದಾಳು ಗುತ್ತಿ, ಹಿಂದೆ ಅವನ ನಾಯಿ ಹುಲಿಯ. ತಾನು ಮೆಚ್ಚಿದ ತಿಮ್ಮಿಯನ್ನ ಹಾರಿಸಿಕೊಂಡು ಬರೋ ಧೈರ್ಯ ಆ ಜೀತದಾಳಿಗೆ ಇದೆ. ಇದನ್ನೆಲ್ಲ ಗೆಳೆಯ ತನ್ನ ಅಣ್ಣತಮ್ಮನ ಸುದ್ದಿ ಹೇಳೋ ಹಾಗೆ ಹೇಳಿದ. ಮುಂದೆ ಇನ್ನೊಂದು ಮಾತಂದ: "ಪುಸ್ತಕದಾಗೆ ಗುತ್ತಿ ಎಲ್ರಷ್ಟೇ ಮುಖ್ಯ. ಆದ್ರೆ ಅದೇ ಪುಸ್ತಕದಾಗೆ ಯಾರ ಮನೆ ಒಳಗೂ ಅವ್ನು ಕಾಲಿಡಂಗಿಲ್ಲ. ಬರ್ದೋರಿಗೆ ಎರಡೂ ಗೊತ್ತಿತ್ತು ಅನ್ಸುತ್ತೆ."

ಕೊನೆಯಲ್ಲಿ ತುಂಬಿ ಹರಿಯೋ ತುಂಗೆಯಲ್ಲಿ ಹುಲಿಯ ಕೊಚ್ಚಿ ಹೋಗ್ತದೆ. ನಾವು ಆಗ ಹೊನ್ನಾಳಿ ಸೇತುವೆ ಮೇಲೆ ನಿಂತಿದ್ವಿ. ಕೂಡ್ಲಿಯಲ್ಲಿ ಭದ್ರೆ ಸೇರಿಸ್ಕೊಂಡು ಇಲ್ಲಿಗೆ ಬರೋದೂ ಅದೇ ತುಂಗೆ. ಅವನು ಕೆಂಪು ನೀರು ನೋಡ್ತಾ, "ನಾಯಿ ಸತ್ತಿದ್ದಕ್ಕೆ ಗುತ್ತಿ ಅಷ್ಟು ಸಂಕಟಪಟ್ಟ. ಗುತ್ತಿನೇ ಕೊಚ್ಚಿಹೋಗಿದ್ರೆ?" ಅಂದ. ಮರಳಿಗೆ ಇಳಿದು ವಾಪಸ್ ಬರದೇ ಇದ್ದ ಹುಡುಗರು ಅವನಿಗೆ ಗೊತ್ತು. ನಾನು ಮಾತಾಡಲಿಲ್ಲ. ಆ ಪುಸ್ತಕ ಈಗ ಮೂರನೇ ಸಲ ಕೈಗೆತ್ತಿಕೊಂಡಿದ್ದೀನಿ. ಈ ಸಲ ಬಿಡಲ್ಲ.

*

ಹೊನ್ನಾಳಿಯಿಂದ ನ್ಯಾಮತಿ ಹತ್ತಿರ. ಬಂಜಾರರ ಸಂತ ಸೇವಾಲಾಲರ ಸೂರಗೊಂಡನಕೊಪ್ಪ ಇರೋದು ಇದೇ ತಾಲ್ಲೂಕಲ್ಲಿ. ಆ ಕಡೆ ಒಂದು ಹಾಸ್ಟೆಲ್ಲಿನ ಮಕ್ಕಳು ಭಾನುವಾರಕ್ಕೊಮ್ಮೆ ಕರೀತಾರೆ. ಮಾದಿಗರ ಮಕ್ಕಳು, ಹೊಲೆಯರ ಮಕ್ಕಳು, ತಾಂಡಾದ ಮಕ್ಕಳು ಒಂದೇ ಚಾಪೆ ಮೇಲೆ ಕೂರ್ತಾರೆ. ಹೊರಗೆ ದೊಡ್ಡವರು ಒಳಮೀಸಲಾತಿ ಲೆಕ್ಕದಲ್ಲಿ ಒಬ್ಬರ ಮುಖ ಒಬ್ಬರು ನೋಡದಂಗೆ ಆಗಿರೋ ಕಾಲದಲ್ಲಿ ಆ ಚಾಪೆ ನೋಡಿದ್ರೆ ಸಮಾಧಾನ. ಹಕ್ಕಿನ ಪಾಲು ನ್ಯಾಯವಾಗಿ ಹಂಚಿಕೆ ಆಗಲೇಬೇಕು. ಅದರ ಜೊತೆ ಈ ಚಾಪೆಯೂ ಉಳೀಬೇಕು.

ಅವರಿಗೆ ಮೊದಲು ಓದಿದ್ದು ಬಾಬಾಸಾಹೇಬರು ತಮ್ಮ ಅನುಭವವನ್ನೇ ಬರೆದಿಟ್ಟ ‘ವೇಟಿಂಗ್ ಫಾರ್ ಎ ವೀಸಾ’. ಚಿಕ್ಕ ಪುಸ್ತಕ. 1901ರಲ್ಲಿ ಸಾತಾರದಿಂದ ಅಪ್ಪನನ್ನ ನೋಡಕ್ಕೆ ಹೊರಟ ಮಕ್ಕಳು ಮಸೂರು ಸ್ಟೇಷನ್ನಿನಲ್ಲಿ ಇಳೀತಾರೆ. ಒಳ್ಳೆ ಬಟ್ಟೆ ಹಾಕಿರ್ತಾರೆ. ಜಾತಿ ಹೇಳಿದ ಕೂಡಲೇ ಸ್ಟೇಷನ್ ಮಾಸ್ತರನ ಮುಖ ಬದಲಾಗ್ತದೆ. ಎರಡರಷ್ಟು ಬಾಡಿಗೆ ಕೊಟ್ಟರೂ ಗಾಡಿಯವನು ಜೊತೆ ಕೂರಲ್ಲ, ಮಕ್ಕಳೇ ಗಾಡಿ ಹೊಡೀಬೇಕು, ಅವನು ಪಕ್ಕದಲ್ಲಿ ನಡೀತಾನೆ. ಹತ್ತಿರ ಊಟ ಇದ್ರೂ ಕುಡಿಯೋಕೆ ನೀರಿಲ್ಲ. ಒಬ್ಬ ಹುಡುಗ ಕೈ ಎತ್ತಿ, "ಸರ್, ಅವ್ರಿಗೆ ಆಗ ಎಷ್ಟು ವಯಸ್ಸು?" ಅಂದ. ಒಂಬತ್ತು-ಹತ್ತು ಅಂದೆ. "ನನ್ ತಮ್ಮನಷ್ಟು" ಅಂದವನೇ ಸುಮ್ಮನಾದ. ಗೋಡೆ ಮೇಲೆ ಸೂಟು ಹಾಕಿಕೊಂಡು ನಿಂತ ಅಂಬೇಡ್ಕರ್ ಅವನಿಗೆ ಅವತ್ತು ಬಾಯಾರಿದ ಹುಡುಗ ಆದರು.

ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ಕ್ಕೆ ವಿವರಣೆಯೇ ಬೇಕಾಗಲಿಲ್ಲ. 1994ರ ಪುಸ್ತಕ, ಕನ್ನಡದ ಮೊದಲ ದಲಿತ ಆತ್ಮಕಥನ ಅಂತಾರೆ. ಹೆಸರಿನ ಅರ್ಥ ಕೇಳಿದೆ. "ಸ್ಕಾಲರ್‌ಶಿಪ್ ಬಂದಾಗ ಕ್ಲಾಸಲ್ಲಿ ಅಂತಾರಲ್ಲ ಸರ್, ಅದೇ" ಅಂದರು. ಇಷ್ಟು ವರ್ಷ ಆದ್ರೂ ಆ ಚುಚ್ಚುಮಾತು ಹಳೇದಾಗಿಲ್ಲ.

ಆಮೇಲೆ ಸಾವಿತ್ರಿಬಾಯಿ ಫುಲೆ ಅವರ ಜೀವನಚರಿತ್ರೆ. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ, ದಾರಿಯಲ್ಲಿ ಎಸೆದ ಸಗಣಿ, 1897ರಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡ್ತಾನೇ ಬಂದ ಸಾವು. ನಡುವೆ ಅವರ ಶಾಲೆಯ ಒಬ್ಬ ಹುಡುಗಿ ಬರ್ತಾಳೆ, ಮುಕ್ತಾ ಸಾಳ್ವೆ. ಮಾಂಗ್ ಸಮುದಾಯದವಳು, ನಮ್ಮ ಕಡೆ ಮಾದಿಗರು ಅಂತೀವಲ್ಲ ಹಾಗೆ. 1855ರಲ್ಲಿ, ಹದಿನಾಲ್ಕು ವರ್ಷಕ್ಕೆ, ಮಾಂಗರ-ಮಹಾರರ ಕಷ್ಟದ ಬಗ್ಗೆ ಅವಳು ಬರೆದ ಪ್ರಬಂಧ ‘ಜ್ಞಾನೋದಯ’ ಪತ್ರಿಕೆಯಲ್ಲಿ ಅಚ್ಚಾಯ್ತು. ಹಾಸ್ಟೆಲ್ಲಿನ ಒಬ್ಬ ಹುಡುಗಿ, ಅವಳಿಗೂ ಹದಿನಾಲ್ಕೇ ಇರಬೇಕು, ಎದ್ದು ನಿಂತು ಕೇಳಿದಳು: "ಸರ್, ಮುಕ್ತಾ ಆಮೇಲೆ ಏನಾದ್ಲು?"

ನನ್ನ ಹತ್ತಿರ ಇರೋ ಯಾವ ಪುಸ್ತಕದಲ್ಲೂ ಅದಕ್ಕೆ ಉತ್ತರ ಇಲ್ಲ. ಅವಳು ಬರೆದಿದ್ದು ಉಳೀತು, ಅವಳ ಬದುಕನ್ನ ಯಾರೂ ಬರೀಲಿಲ್ಲ. ಹುಡುಗಿ ಕೂತಳು, ಪ್ರಶ್ನೆ ನನ್ನ ಜೊತೆ ಬಂತು. ನಮ್ಮಲ್ಲಿ ಯಾರ ಬದುಕು ಪುಸ್ತಕ ಆಗ್ತದೆ? ಯಾರದ್ದು ಆಗಲ್ಲ?

*

ಕೊನೆಗೆ ಜಗಳೂರು. ನನ್ನೂರು ಇರೋದೂ ಆ ತಾಲ್ಲೂಕಲ್ಲೇ. ಬಗರ್‌ಹುಕುಂ ಫಾರಂ 57 ಹಾಕಿ ಕಾಯ್ತಿರೋ ಒಬ್ಬ ಹಿರಿಯರ ಮನೆಗೆ ಕಾಗದಪತ್ರ ನೋಡಕ್ಕೆ ಹೋಗಿದ್ದೆ. ಮಧ್ಯಾಹ್ನದ ಬಿಸಿಲು. ಮರದ ಕೆಳಗೆ ಕೂತು ಅವರಿಗೆ ಕಾರಂತರ ‘ಚೋಮನ ದುಡಿ’ ಕಥೆ ಹೇಳಿದೆ, ಕೆಲವು ಪುಟ ಓದಿದೆ. 1933ರ ಕಾದಂಬರಿ. ಎತ್ತಿದ್ರೂ ಬೇಸಾಯಕ್ಕೆ ಭೂಮಿ ಸಿಗದ ಚೋಮ. ಸಾಲಕ್ಕೆ ಕಾಫಿ ತೋಟ ಸೇರೋ ಮಕ್ಕಳು. ಮುಟ್ಟಬಾರದು ಅಂತ ಯಾರೂ ಎತ್ತದೆ ನೀರಲ್ಲಿ ಮುಳುಗಿ ಸಾಯೋ ಮಗ. ಕೊನೆಗೆ ದುಡಿ ಬಾರಿಸ್ತಾ ಬಾರಿಸ್ತಾ ಪ್ರಾಣ ಬಿಡೋ ಚೋಮ.

ಹಿರಿಯರು ತುಂಬ ಹೊತ್ತು ಯೋಚನೆ ಮಾಡಿ, "ಅವ್ನಿಗೆ ಎತ್ತಿದ್ವು, ಭೂಮಿ ಇರ್ಲಿಲ್ಲ. ನಂಗೆ ಉಳೋ ಭೂಮಿ ಐತೆ, ಕಾಗದ ಇಲ್ಲ" ಅಂದು ನಕ್ಕರು. ಆಮೇಲೆ, "ತಮ್ಮಾ, ಒಂದು ಮಾತು. ಅವ್ನಿಗೆ ಕೇರಿ ಇರ್ಲಿಲ್ವಾ? ಒಬ್ನೇ ಯಾಕೆ ಸತ್ತ?" ಅಂತ ಕೇಳಿದರು.

‘ಚೋಮನ ದುಡಿ’ಯನ್ನ ನಾವು ‘ಮೇಲ್ಜಾತಿಯವರ ಅನುಕಂಪ’ ಅಂತ ಒಂದೇ ಮಾತಲ್ಲಿ ಮುಗಿಸ್ತೀವಿ. ಆ ಮಾತಿಗಿಂತ ಈ ಪ್ರಶ್ನೆ ಹರಿತ. ಆ ಕಾದಂಬರಿ ಬರೋದಕ್ಕೆ ಆರು ವರ್ಷ ಮೊದಲು, 1927ರ ಮಾರ್ಚ್ 20ರಂದು, ಮಹಾಡಿನಲ್ಲಿ ಸಾವಿರಾರು ಜನ ಒಟ್ಟಿಗೆ ಹೋಗಿ ಕೆರೆ ನೀರು ಮುಟ್ಟಿದ್ರು. ಹಿಂದಿನ ವರ್ಷವಷ್ಟೇ ಪೂನಾ ಒಪ್ಪಂದ ಆಗಿತ್ತು. ಚೋಮನ ಗುಡಿಸಲಿಗೆ ಆ ಯಾವ ಸುದ್ದಿಯೂ ಮುಟ್ಟಿಲ್ಲ. ಕಾರಂತರು ಚೋಮನ ನೋವು ನೋಡಿದ್ರು, ನಿಜವಾಗಿ ನೋಡಿದ್ರು. ಅವನ ಜೊತೆ ನಿಲ್ಲಬಹುದಾಗಿದ್ದ ಕೇರಿ ಅವರಿಗೆ ಕಾಣಲಿಲ್ಲ. ಎರಡನ್ನೂ ಹೇಳೋದು ನ್ಯಾಯ ಅಂತ ಈಗ ಅನ್ಸುತ್ತೆ.

*

ಅವತ್ತು ರಾತ್ರಿ ಊರಲ್ಲೇ ಉಳಿದೆ. ನಮ್ಮವ್ವನಿಗೆ ಸಿದ್ದಲಿಂಗಯ್ಯನವರ ‘ಊರುಕೇರಿ’ ಓದಿ ಹೇಳಿದೆ. ಅದರ ಶುರುವಲ್ಲೇ ಒಂದು ನೋಟ ಇದೆ. ಎತ್ತಿನ ಬದಲು ಇಬ್ಬರು ಮನುಷ್ಯರ ಹೆಗಲಿಗೆ ನೊಗ, ಹಿಂದೆ ಒಬ್ಬ ಉಳ್ತಿದಾನೆ. ನೊಗ ಹೊತ್ತವರಲ್ಲಿ ಒಬ್ಬರು ಬರೆದವರ ಅಪ್ಪ. ನಾನು ಅದನ್ನ ಎಷ್ಟು ವೇದಿಕೆಗಳಲ್ಲಿ ಹೇಳಿದ್ದೀನೋ ಲೆಕ್ಕ ಇಲ್ಲ. ಪ್ರತಿ ಸಲ ಸಭೆ ನಿಶ್ಶಬ್ದ ಆಗ್ತದೆ.

ಅವ್ವ ಕೇಳಿದ್ದು ಇಷ್ಟೇ: "ಬರಿಯೋವಾಗ ಅವ್ರಪ್ಪನ್ನ ಕೇಳಿದ್ರಾ?"

ನನಗೆ ಗಂಟಲು ಕಟ್ತು. ಯಾಕಂದ್ರೆ ನಮ್ಮವ್ವನ ಬದುಕಲ್ಲೂ ಒಂದು ಘಟನೆ ಇದೆ. ನಾನು ಚಿಕ್ಕವನಿದ್ದಾಗ ನನ್ನ ಕಣ್ಣೆದುರೇ ನಡೆದಿದ್ದು. ಹೋರಾಟಕ್ಕೆ ನಾನು ಬಂದಿದ್ದೇ ಅದರಿಂದ. ಅದನ್ನ ಬರೀಬೇಕು ಅಂತ ವರ್ಷಗಳಿಂದ ಒಂದು ನೋಟ್‌ಬುಕ್ ಇಟ್ಟಿದ್ದೀನಿ. ಅವತ್ತು ಧೈರ್ಯ ಮಾಡಿ ಕೇಳಿದೆ, "ಅವ್ವಾ, ಅದನ್ನ ಬರೀಲಾ?" ಅಂತ.

"ಬ್ಯಾಡಪ್ಪ. ಅವತ್ತು ಅಷ್ಟು ಜನ ನೋಡಿದ್ದೇ ಸಾಕು. ಪುಸ್ತಕ ಮಾಡಿ ಇನ್ನಷ್ಟು ಜನಕ್ಕೆ ತೋರಿಸ್ತೀಯಾ?"

ಸಿದ್ದಲಿಂಗಯ್ಯನವರು ಬರೆದಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ಅವರು ಬರೀದೇ ಇದ್ದಿದ್ರೆ ನಮ್ಮಲ್ಲಿ ಎಷ್ಟೋ ಜನಕ್ಕೆ ಬಾಯೇ ಬರ್ತಿರಲಿಲ್ಲ. ಅವಮಾನವನ್ನ ನಗ್ತಾ ನಗ್ತಾ ಹೇಳೋ ಗುಂಡಿಗೆ ಅವರದ್ದು. ಆದ್ರೆ ನಮ್ಮವ್ವನ ಮಾತೂ ಸಣ್ಣದಲ್ಲ. ನಾವು ಅಪ್ಪ-ಅವ್ವಂದಿರ ಅವಮಾನಾನ ಭಾಷಣಕ್ಕೆ, ಲೇಖನಕ್ಕೆ, ಪೋಸ್ಟಿಗೆ ಬಳಸ್ತೀವಿ. ಒಮ್ಮೆಯಾದ್ರೂ ಅವರನ್ನ ಕೇಳ್ತೀವಾ?

ಸ್ವಲ್ಪ ಹೊತ್ತು ಬಿಟ್ಟು ಅವ್ವನೇ ಅಂದಳು, "ಬರಿಯಂಗಿದ್ರೆ ಶೇಂಗಾ ಕಿತ್ತಿದ್ದು ಬರಿ." ಯಾವ ಶೇಂಗಾ ಅಂದೆ. ನಾನು ಹುಟ್ಟೋ ಮೊದಲಿನ ಕಥೆ, ನನಗೆ ಗೊತ್ತೇ ಇರಲಿಲ್ಲ. ಶೇಂಗಾ ಕೀಳೋ ಸುಗ್ಗೀಲಿ ಅವ್ವ ಮತ್ತು ಕೇರಿಯ ಹೆಂಗಸರು ಕೂಲಿ ಎಂಟಾಣೆ ಜಾಸ್ತಿ ಕೇಳಿ, ಬಳ್ಳಿ ಮುಟ್ಟದೆ ಬೇವಿನ ಮರದ ಕೆಳಗೆ ಕೂತುಬಿಟ್ರಂತೆ. ಹೊಲದವರು ಪಕ್ಕದೂರಿಂದ ಆಳು ಕರೆಸಿದ್ರೆ, ಬಂದವರೂ ಸುದ್ದಿ ಕೇಳಿ ಇವರ ಪಕ್ಕದಲ್ಲೇ ಕೂತರಂತೆ. ಮಧ್ಯಾಹ್ನದೊಳಗೆ ಎಂಟಾಣೆ ಏರಿತು. "ನಾನು ಆಗ ನಿನ್ನ ಹೊತ್ತಿದ್ದೆ, ಆರು ತಿಂಗ್ಳು. ನಾನೇ ಮೊದ್ಲು ಕುಂತಿದ್ದು" ಅಂದಳು. ಹೇಳುವಾಗ ಚನ್ನಗಿರಿಯ ಹೆಂಗಸರ ಹಾಗೇ ನಕ್ಕಳು.

ಇಪ್ಪತ್ತು ವರ್ಷ ಸಂಘಟನೆ ಮಾಡಿದವನು ನಾನು. ನಮ್ಮನೆಯಲ್ಲಿ ಹೋರಾಟ ನನ್ನಿಂದ ಶುರುವಾಯ್ತು ಅಂತ ತಿಳಿದಿದ್ದವನೂ ನಾನೇ. ಅವ್ವನ ಬದುಕಲ್ಲಿ ನಾನು ನೆನಪಿಟ್ಟುಕೊಂಡಿದ್ದು ಅವಳನ್ನ ಬೇರೆಯವರು ಬಗ್ಗಿಸಿದ ದಿನ. ಅವಳು ನೆನಪಿಟ್ಟುಕೊಂಡಿದ್ದು ತಾನು ಏಳದೇ ಕೂತ ದಿನ. ಚೋಮನಿಗೆ ಕೇರಿ ಇರ್ಲಿಲ್ವಾ ಅಂತ ಕೇಳಿದ ಹಿರಿಯರಿಗೆ ನಾನು ಕೊಡಬೇಕಾಗಿದ್ದ ಉತ್ತರ ನಮ್ಮನೆಯ ಕಟ್ಟೆ ಮೇಲೇ ಇತ್ತು.

ಆ ಇನ್ನೊಂದು ಘಟನೆ ಇಲ್ಲಿ ಬರೆದಿಲ್ಲ, ಇನ್ನು ಬರೆಯೋದೂ ಇಲ್ಲ. ನೋಟ್‌ಬುಕ್ಕಿನಲ್ಲಿದ್ದ ಆ ಪುಟಗಳನ್ನ ಅವ್ವನ ಕೈಗೇ ಕೊಟ್ಟೆ. ಓದಕ್ಕೆ ಬರಲ್ಲ ಅವಳಿಗೆ. ಮಡಚಿ ಟ್ರಂಕಿನಲ್ಲಿಟ್ಟಳು. ಶೇಂಗಾ ಹೊಲದ ಕಥೆ ಬರೀತಿದ್ದೀನಿ. ಅವತ್ತು ಜೊತೆಗೆ ಕೂತಿದ್ದವರಲ್ಲಿ ಇನ್ನೂ ಮೂವರು ಬದುಕಿದಾರೆ, ಅವರನ್ನೂ ಕೇಳಬೇಕು.

ಸಂಗಾತಿಗಳೇ, ಕಾದಂಬರಿ ಓದೋ ಟೈಮಾ ಇದು ಅಂತ ಕೇಳಿದವರಿಗೆ ನನ್ನ ಉತ್ತರ ಇಷ್ಟೇ. ಓದಿ. ಕುವೆಂಪು, ಕಾರಂತರನ್ನೂ ಓದಿ, ನಮ್ಮವರನ್ನೂ ಓದಿ. ಓದಿ ಜಗಳ ಆಡಿ. ಒಬ್ಬರೇ ಓದಬೇಡಿ, ಕೇರಿಯಲ್ಲಿ ಕೂತು ಜೋರಾಗಿ ಓದಿ, ಅವರು ಎಲ್ಲಿ ನಗ್ತಾರೆ ನೋಡಿ. ನಿಮ್ಮ ಅವ್ವನ ಬದುಕು ಬರಿಯೋ ಹಾಗಿದ್ರೆ ಮೊದಲು ಅವ್ವನ ಪಕ್ಕ ಕೂತು, ಏನು ಬರೀಲಿ ಅಂತ ಕೇಳಿ.

ಮುಂದಿನ ಭಾನುವಾರ ನ್ಯಾಮತಿಗೆ ಹೋಗ್ತೀನಿ. ಆ ಹುಡುಗಿಗೆ ಮುಕ್ತಾಳ ಮುಂದಿನ ಕಥೆ ಹೇಳಕ್ಕಾಗಲ್ಲ. ಎಂಟಾಣೆ ಕಥೆ ಹೇಳ್ತೀನಿ.

ಜೈಭೀಮ್.